ಹುಷಾರು ಅಂದರೆ ಸಾಕಾ?

ಊರಿಂದ ಬಸ್ ಹತ್ತುವಾಗ ಮನೆಯವರು ಹೇಳುವ ಕೊನೆಯ ಮಾತು ಯಾವುದು ಎಂದು ಧಾರವಾಡದಲ್ಲಿ ರೂಮ್ ಮಾಡಿಕೊಂಡು ಓದುತ್ತಿರುವ ಯಾರನ್ನಾದರೂ ಕೇಳಿ ನೋಡಿ. ‘ಹುಷಾರಪಾ’ ಎನ್ನುವುದೇ ಆ ಮಾತು. ಅವ್ವ ಹೇಳುತ್ತಾಳೆ, ಸೀಟು ಹಿಡಿಯಲು ಓಡುವವರಿಗೆ ಕಂಡಕ್ಟರ್ ಹೇಳುತ್ತಾರೆ, ಮಹಡಿ ಮೆಟ್ಟಿಲಿನ ಲೈಟು ಹೋಗಿ ಮೂರು ತಿಂಗಳಾದರೂ ಹೊಸದು ಹಾಕಿಸದ ಮನೆ ಮಾಲೀಕರೂ ಹೇಳುತ್ತಾರೆ. ಅವ್ವ ಹೇಳಿದ್ದರ ಬಗ್ಗೆ ನನ್ನ ತಕರಾರಿಲ್ಲ, ಅದು ಅಂತಃಕರಣದ ಮಾತು. ತಕರಾರಿರುವುದು ಮನೆ ಮಾಲೀಕರ ‘ಹುಷಾರು’ ಬಗ್ಗೆ. ಅದರ ಅರ್ಥ, ‘ನಾನು ಲೈಟು ಹಾಕಿಸುವುದಿಲ್ಲ, ನೀನು ಬಿದ್ದರೆ ತಪ್ಪು ನಿನ್ನದೇ’ ಎಂದು.

ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ, ಒಂದೂವರೆ ವರ್ಷ ವೈರಿಂಗ್ ಗುತ್ತಿಗೆದಾರರೊಬ್ಬರ ಬಳಿ ದುಡಿದು, ಈಗ ಸಪ್ತಾಪುರದ ಹತ್ತಿರ ಇರುವ ಒಂದು ಕಟ್ಟಡದಲ್ಲಿ ಉಳಿದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಎರಡು ಮಹಡಿ, 12 ರೂಮು, ಒಂದೊಂದು ಮಹಡಿಗೆ ಎರಡೆರಡು ಬಚ್ಚಲು, ಮೂವತ್ತರಷ್ಟು ಹುಡುಗರು. ಬೆಂಗಳೂರಿನ ವಿಜಯನಗರದಲ್ಲಿ ಓದುತ್ತಿರುವವರಿಗೂ, ಕಲಬುರ್ಗಿಯಲ್ಲಿ ಇರುವವರಿಗೂ ಈ ಚಿತ್ರ ಹೊಸದೇನಲ್ಲ. ಇಂಥ ಕಟ್ಟಡಗಳಲ್ಲಿ ನಾವೆಲ್ಲ ಮೂರು ನಾಲ್ಕು ವರ್ಷ ಕಳೆಯುತ್ತೇವೆ. ಸಂವಿಧಾನದ ವಿಧಿಗಳನ್ನು ನಿದ್ದೆಯಲ್ಲೂ ಹೇಳುತ್ತೇವೆ. ಗ್ಯಾಸ್ ಸೋರಿದರೆ ಯಾವ ನಂಬರಿಗೆ ಫೋನ್ ಮಾಡಬೇಕು ಎಂದು ಕೇಳಿದರೆ ಮುಖ ಮುಖ ನೋಡುತ್ತೇವೆ. (1906. ದಿನದ 24 ತಾಸೂ ಇರುತ್ತದೆ. ಕರೆಂಟ್ ಅಫೇರ್ಸ್ ನೋಟ್ಸ್‌ನಲ್ಲಿ ಇದು ಬರುವುದಿಲ್ಲ.)

ನಮ್ಮ ಕಟ್ಟಡದಲ್ಲಿ ಗದಗ ಕಡೆಯ ಗೆಳೆಯನೊಬ್ಬ ಇದ್ದ. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕು ಎಂಬುದು ಅವನ ಒಂದೇ ಹಟ. ಬೆಳಿಗ್ಗೆ ಐದಕ್ಕೆ ಎದ್ದು ಮೈದಾನಕ್ಕೆ ಹೋಗಿ 1600 ಮೀಟರ್ ಓಡಿ ಬರುತ್ತಿದ್ದ, ಆಮೇಲೆ ಸ್ನಾನ, ಆಮೇಲೆ ಓದು. ಲಿಖಿತ ಪರೀಕ್ಷೆ ಪಾಸಾಗಿ ದೈಹಿಕ ಪರೀಕ್ಷೆಯ ದಿನಾಂಕ ಬಂದಿತ್ತು. ವಯೋಮಿತಿ ಲೆಕ್ಕದಲ್ಲಿ ಅವನಿಗೆ ಅದೇ ಕೊನೆಯ ಅವಕಾಶ. ಪರೀಕ್ಷೆಗೆ ಹತ್ತು ದಿನ ಇರುವಾಗ ಒಂದು ಬೆಳಿಗ್ಗೆ ಕಾಯಿಲ್ ಹಾಕಿ ಕಾಯಿಸಿದ ನೀರಿನ ಬಕೆಟ್ ಹಿಡಿದು ರೂಮಿನಿಂದ ಬಚ್ಚಲಿಗೆ ಹೊರಟಿದ್ದಾನೆ. ಪಡಸಾಲೆಯ ಟೈಲ್ಸ್ ಮೇಲೆ ಮುಂಚೆ ಸ್ನಾನ ಮಾಡಿ ಬಂದವರ ಕಾಲಿನ ನೀರು. ಜಾರಿದ. ಕುದಿಯುವಂಥ ನೀರು ಎರಡೂ ಪಾದಗಳ ಮೇಲೆ ಸುರಿಯಿತು.

ಅವನು 1600 ಮೀಟರ್ ಓಡಲಿಲ್ಲ. ಈಗ ಸೋದರಮಾವನ ಬೀಜ–ಗೊಬ್ಬರದ ಅಂಗಡಿಯಲ್ಲಿ ಕೂರುತ್ತಾನೆ. ಅವನು ಊರಿಗೆ ಹೋದ ಮೇಲೆ ಕಟ್ಟಡದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಸ್ವಲ್ಪ ಹುಷಾರಾಗಿ ಹೋಗಬೇಕಿತ್ತಲೇ.’ ಎರಡು ಚಳಿಗಾಲ ಪೂರ್ತಿ ಅದೇ ಬಕೆಟ್ ಹಿಡಿದು ಅದೇ ಪಡಸಾಲೆಯಲ್ಲಿ ಅವನು ಇನ್ನೂರು ಸಲವಾದರೂ ಹುಷಾರಾಗಿಯೇ ಹೋಗಿದ್ದ. ಮನುಷ್ಯ ಇನ್ನೂರು ಸಲ ಹುಷಾರಾಗಿರಬಲ್ಲ, ಇನ್ನೂರ ಒಂದನೇ ಸಲ ತಲೆಯಲ್ಲಿ ಬೇರೆ ಏನೋ ಇರುತ್ತದೆ. ನಾವು ಕೇಳಬೇಕಾಗಿದ್ದ ಪ್ರಶ್ನೆ ಬೇರೆ. ಅಷ್ಟು ಬಿಸಿ ನೀರನ್ನು ಹೊತ್ತುಕೊಂಡು ಅಷ್ಟು ದೂರ ನಡೆಯುವ ಪಾಳಿ ಯಾಕೆ ಬಂತು?

ಉತ್ತರ ಸರಳವಾಗಿದೆ. ಪ್ಲಗ್ ಪಾಯಿಂಟ್ ಇರುವುದು ರೂಮಿನಲ್ಲಿ, ಬಚ್ಚಲಿರುವುದು ಪಡಸಾಲೆಯ ಕೊನೆಯಲ್ಲಿ. ಕಟ್ಟಡ ಕಟ್ಟುವಾಗಲೇ ಈ ಅಪಘಾತದ ಅರ್ಧ ಭಾಗ ತಯಾರಾಗಿತ್ತು. ಉಳಿದರ್ಧ ನೀರಿನ ಬಿಸಿಯಲ್ಲಿತ್ತು. ಲೆಕ್ಕ ಹಾಕಿ ನೋಡೋಣ. 1500 ವಾಟ್‌ನ ಕಾಯಿಲ್, 15 ಲೀಟರ್ ನೀರು. ಧಾರವಾಡದ ಚಳಿಗಾಲದ 20 ಡಿಗ್ರಿ ನೀರು ಸ್ನಾನಕ್ಕೆ ಹಿತವಾಗುವ 45 ಡಿಗ್ರಿಗೆ ಬರಲು 17–18 ನಿಮಿಷ ಸಾಕು. ನಮ್ಮಲ್ಲಿ ಯಾರೂ ಗಡಿಯಾರ ನೋಡುವುದಿಲ್ಲ. ಕಾಯಿಲ್ ಹಾಕಿ ಮೆಂಟಲ್ ಎಬಿಲಿಟಿ ಲೆಕ್ಕ ಬಿಡಿಸಲು ಕೂತರೆ ನಲವತ್ತು ನಿಮಿಷ ಹೋಗಿದ್ದೇ ತಿಳಿಯುವುದಿಲ್ಲ. ಅಷ್ಟೊತ್ತಿಗೆ ನೀರು 75 ಡಿಗ್ರಿ ಆಸುಪಾಸು ತಲುಪಿರುತ್ತದೆ. ದೊಡ್ಡವರ ಚರ್ಮವನ್ನು ಆಳವಾಗಿ ಸುಡಲು 60 ಡಿಗ್ರಿಯ ನೀರಿಗೆ ಐದು ಸೆಕೆಂಡ್ ಸಾಕು. ಆ ಬೆಳಿಗ್ಗೆ ಬಕೆಟ್‌ನಲ್ಲಿದ್ದದ್ದು 45 ಡಿಗ್ರಿಯ ನೀರಾಗಿದ್ದರೆ ಅವನು ಜಾರಿ ಬಿದ್ದು, ಮೈ ತೋಯಿಸಿಕೊಂಡು, ನಾಲ್ಕು ಬೈಗುಳ ಬೈದು ಎದ್ದು ಹೋಗುತ್ತಿದ್ದ. ಮೊಬೈಲ್‌ನಲ್ಲಿ 18 ನಿಮಿಷದ ಅಲಾರಂ ಇಟ್ಟುಕೊಳ್ಳಲು ಒಂದು ಪೈಸೆ ಖರ್ಚಿಲ್ಲ.

ಇನ್ನೂ ಒಂದು ಸಂಗತಿ. ಅವನು ಬಿದ್ದ ತಕ್ಷಣ ಅಕ್ಕಪಕ್ಕದ ರೂಮಿನವರು ಓಡಿ ಬಂದು ಪ್ರೀತಿಯಿಂದಲೇ ಎರಡೂ ಪಾದಗಳಿಗೆ ಟೂತ್‌ಪೇಸ್ಟ್ ಮೆತ್ತಿದರು. ಆಸ್ಪತ್ರೆಯಲ್ಲಿ ಮೊದಲು ಮಾಡಿದ ಕೆಲಸ ಆ ಪೇಸ್ಟನ್ನು ತೊಳೆದು ತೆಗೆದದ್ದು. ಆ ನೋವಿಗೆ ಅವನು ಕೂಗಿಕೊಂಡದ್ದನ್ನು ಜೊತೆಗೆ ಹೋಗಿದ್ದವರು ಇವತ್ತಿಗೂ ನೆನೆಯುತ್ತಾರೆ. ಸುಟ್ಟ ಗಾಯಕ್ಕೆ ಮೊದಲ ಔಷಧಿ ನಲ್ಲಿ ನೀರು. ತಣ್ಣಗಿನ, ಹರಿಯುವ ನೀರಿನ ಕೆಳಗೆ ಪೂರ್ತಿ 20 ನಿಮಿಷ ಹಿಡಿಯಬೇಕು. ಎರಡು ನಿಮಿಷಕ್ಕೆ ಉರಿ ಕಮ್ಮಿಯಾಯಿತು ಎಂದು ತೆಗೆಯಬಾರದು. ಚರ್ಮದ ಒಳಪದರದಲ್ಲಿ ಬಿಸಿ ಇನ್ನೂ ಉಳಿದಿರುತ್ತದೆ. ಐಸ್ ಇಡಬಾರದು. ಅರಿಶಿನ, ಇಂಕು, ಎಣ್ಣೆ, ಕಾಫಿಪುಡಿ ಯಾವುದೂ ಬೇಡ. ಉಂಗುರ, ಕಾಲುಗೆಜ್ಜೆ, ಕೈಗೆ ಕಟ್ಟಿದ ದಾರ ಬಾವು ಬರುವ ಮುಂಚೆ ತೆಗೆಯಬೇಕು. ಆಮೇಲೆ ಸ್ವಚ್ಛ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಕರೆದೊಯ್ಯಬೇಕು. ನಮ್ಮ ಕಟ್ಟಡದಲ್ಲಿ ಆವತ್ತು ಇದು ಒಬ್ಬರಿಗೆ ಗೊತ್ತಿದ್ದರೂ ಅವನ ಗಾಯ ಅಷ್ಟು ಆಳಕ್ಕೆ ಹೋಗುತ್ತಿರಲಿಲ್ಲವೇನೋ.

ಬೆಂಕಿಕಡ್ಡಿ ಸಿಕ್ಕಿಸಿದ ಪ್ಲಗ್

ಕಾಯಿಲ್ ವಿಷಯ ಬಂದಾಗ ನನ್ನ ಡಿಪ್ಲೊಮಾ ಬುದ್ಧಿ ಸುಮ್ಮನಿರುವುದಿಲ್ಲ, ಸ್ವಲ್ಪ ಸಹಿಸಿಕೊಳ್ಳಿ. ನಮ್ಮಂಥ ಕಟ್ಟಡಗಳ ಪ್ರತಿ ಎರಡನೇ ರೂಮಿನಲ್ಲಿ ಒಂದು ದೃಶ್ಯ ಕಾಣುತ್ತದೆ. ಕಾಯಿಲ್‌ನ ದಪ್ಪ ಮೂರು ಪಿನ್ನಿನ ಪ್ಲಗ್ಗು ರೂಮಿನ ಸಣ್ಣ ಸಾಕೆಟ್‌ಗೆ ಹಿಡಿಸುವುದಿಲ್ಲ. ಆಗ ಪ್ಲಗ್ಗನ್ನೇ ಕತ್ತರಿಸಿ ಎಸೆದು, ಎರಡು ವೈರಿನ ತುದಿ ಸುಲಿದು, ಸಾಕೆಟ್‌ನ ತೂತಿಗೆ ತುರುಕಿ, ಬಿಗಿಯಾಗಲಿ ಎಂದು ಬೆಂಕಿಕಡ್ಡಿ ಸಿಕ್ಕಿಸುತ್ತಾರೆ. ಮೂರನೇ ಹಸಿರು ವೈರನ್ನು ಮಡಚಿ ಟೇಪು ಸುತ್ತುತ್ತಾರೆ. ಕೇಳಿದರೆ ‘ಏನ್ ಆಗಂಗಿಲ್ಲ ಬಿಡೋ, ಮೂರು ವರ್ಷದಿಂದ ಹಿಂಗ ನಡದೈತಿ’ ಎಂಬ ಉತ್ತರ.

ಆ ಹಸಿರು ವೈರಿನ ಕೆಲಸ ಏನೆಂದು ತಿಳಿದರೆ ಯಾರೂ ಅದನ್ನು ಮಡಚುವುದಿಲ್ಲ. ಮೂರು ಪಿನ್ನಿನ ಪ್ಲಗ್ಗನ್ನು ಕೈಯಲ್ಲಿ ಹಿಡಿದು ನೋಡಿ. ಮೇಲಿನ ಪಿನ್ನು ಉಳಿದೆರಡಕ್ಕಿಂತ ಉದ್ದ ಮತ್ತು ದಪ್ಪ. ಅದು ಅರ್ಥ್ ಪಿನ್. ಪ್ಲಗ್ ಹಾಕುವಾಗ ಎಲ್ಲಕ್ಕಿಂತ ಮೊದಲು ಅದೇ ತಾಗಬೇಕು, ತೆಗೆಯುವಾಗ ಎಲ್ಲಕ್ಕಿಂತ ಕೊನೆಗೆ ಅದೇ ಬಿಡಬೇಕು ಎಂದು ಹಾಗೆ ಮಾಡಿರುತ್ತಾರೆ. ಕರೆಂಟು ಬರುವ ಮುಂಚೆಯೇ ತಪ್ಪಿದ ಕರೆಂಟು ನೆಲಕ್ಕೆ ಹೋಗಲು ದಾರಿ ಸಿದ್ಧವಾಗಿರಲಿ ಎಂಬ ಲೆಕ್ಕ ಅದು. ಬಳಸುವವನು ಹುಷಾರಾಗಿದ್ದಾನೋ ಇಲ್ಲವೋ ಎಂದು ಆ ಪಿನ್ನು ಕೇಳುವುದಿಲ್ಲ. ಕಾಯಿಲ್‌ನ ಲೋಹದ ಕೊಳವೆ ಎಲ್ಲೋ ಸಣ್ಣಗೆ ಬಿರುಕು ಬಿಟ್ಟಿದ್ದರೆ, ಅರ್ಥ್ ಇಲ್ಲದಾಗ ಕರೆಂಟು ನೀರಿನಲ್ಲಿ ಕಾಯುತ್ತಾ ಇರುತ್ತದೆ. ನೀರು ಬಿಸಿಯಾಯಿತೇ ಎಂದು ಸ್ವಿಚ್ ಆರಿಸದೆ ಬೆರಳು ಅದ್ದಿದವನೇ ಅದಕ್ಕೆ ದಾರಿಯಾಗುತ್ತಾನೆ.

‘ನಮ್ಮಲ್ಲಿ ಎಂಸಿಬಿ ಐತಿ, ಬಿದ್ದುಬಿಡತೈತಿ’ ಎಂದು ಧೈರ್ಯ ಹೇಳುವವರೂ ಇದ್ದಾರೆ. ಈ ತಪ್ಪು ತಿಳಿವಳಿಕೆ ಓದಿದವರಲ್ಲೇ ಹೆಚ್ಚು. ಎಂಸಿಬಿ ಇರುವುದು ವೈರನ್ನು ಉಳಿಸಲು. ಮನುಷ್ಯನ ಜೀವ ಕಾಯುವ ಕೆಲಸ ಅದರದ್ದಲ್ಲ. 16 ಆಂಪಿಯರ್‌ನ ಎಂಸಿಬಿ ಅಂದರೆ ಸುಮಾರು 16,000 ಮಿಲಿ ಆಂಪಿಯರ್ ದಾಟುವವರೆಗೂ ಅದು ತಲೆ ಕೆಡಿಸಿಕೊಳ್ಳುವುದಿಲ್ಲ. ಮನುಷ್ಯನ ಎದೆಯ ಮೂಲಕ 100 ಮಿಲಿ ಆಂಪಿಯರ್ ಹರಿದರೆ ಹೃದಯದ ಬಡಿತ ತಾಳ ತಪ್ಪಬಹುದು. ಈ ಅಂತರವನ್ನು ಕಾಯುವ ಸಾಧನ ಬೇರೆಯೇ ಇದೆ, ಅದರ ಹೆಸರು ಆರ್‌ಸಿಸಿಬಿ. ಹೋದ ಕರೆಂಟು ಅಷ್ಟೇ ವಾಪಸ್ ಬರುತ್ತಿದೆಯೇ ಎಂದು ಅದು ಸದಾ ತಾಳೆ ನೋಡುತ್ತಿರುತ್ತದೆ. ಮನೆಗಳಿಗೆ ಹಾಕುವುದು 30 ಮಿಲಿ ಆಂಪಿಯರ್‌ನದ್ದು. ಅಷ್ಟು ಕರೆಂಟು ಎಲ್ಲಿಯೋ ಸೋರಿತು ಎಂದು ಗೊತ್ತಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಲೈನು ಆರಿಸುತ್ತದೆ. ಅದರ ಮೇಲೆ ‘ಟಿ’ ಎಂದು ಬರೆದ ಸಣ್ಣ ಗುಂಡಿ ಇರುತ್ತದೆ, ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ನೀವು ಹೊಸ ರೂಮು ಹುಡುಕಲು ಹೋದಾಗ ಬಾಡಿಗೆ, ವೈಫೈ, ನೀರು ಎಷ್ಟೊತ್ತಿಗೆ ಬರುತ್ತದೆ ಎಂದು ಕೇಳುತ್ತೀರಲ್ಲ, ಅದರ ಜೊತೆಗೆ ಮೀಟರ್ ಬೋರ್ಡಿನ ಮುಚ್ಚಳ ತೆಗೆಸಿ ಆ ಗುಂಡಿ ಇದೆಯೇ ಎಂದೂ ನೋಡಿ.

ಒಂದು ಸಣ್ಣ ಸೂಚನೆ: 1500 ವಾಟ್ ಕಾಯಿಲ್ 230 ವೋಲ್ಟ್‌ನಲ್ಲಿ ಸುಮಾರು ಆರೂವರೆ ಆಂಪಿಯರ್ ಎಳೆಯುತ್ತದೆ. ರೂಮಿನ ಸಣ್ಣ ಸಾಕೆಟ್ ಇರುವುದೇ 6 ಆಂಪಿಯರ್‌ಗೆ. ಅದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಅಕ್ಕಿ ಬೇಯಿಸುವ ಕುಕ್ಕರ್ರೂ ಸೇರಿದರೆ ವೈರು ಬಿಸಿಯಾಗಿ ಮೆತ್ತಗಾಗುವುದರಲ್ಲಿ ಆಶ್ಚರ್ಯವಿಲ್ಲ. ಬೋರ್ಡಿನ ಹತ್ತಿರ ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದರೆ ಊದುಬತ್ತಿ ಹಚ್ಚುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ವಾಸನೆ ಇರುವ ಗ್ಯಾಸು, ವಾಸನೆ ಇಲ್ಲದ ಗ್ಯಾಸು

ಮೆಸ್ ಊಟ ಸಾಕಾಗಿ ರೂಮಿನಲ್ಲೇ ಅಡುಗೆ ಶುರು ಮಾಡುವವರು ಬಹಳ. ಕೈಯಲ್ಲಿ ದುಡ್ಡಿಲ್ಲ, ಬಾಡಿಗೆ ಕರಾರು ಪತ್ರವಿಲ್ಲ, ಹಾಗಾಗಿ ಗಲ್ಲಿ ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ತುಂಬಿಸಿಕೊಡುವ ಸಣ್ಣ ಸಿಲಿಂಡರ್ ತರುತ್ತಾರೆ. ದೊಡ್ಡ ಸಿಲಿಂಡರ್‌ನಿಂದ ಸಣ್ಣದಕ್ಕೆ ಪೈಪು ಸಿಕ್ಕಿಸಿ ತುಂಬುವ ಆ ಕೆಲಸ ಕಾನೂನುಬಾಹಿರ. ಆ ಸಿಲಿಂಡರ್‌ಗಳ ವಾಲ್ವನ್ನು ಯಾರೂ ಪರೀಕ್ಷೆ ಮಾಡಿರುವುದಿಲ್ಲ. ತೈಲ ಕಂಪನಿಗಳ 5 ಕೆಜಿ ಸಿಲಿಂಡರ್ ಅನ್ನು ವಿಳಾಸದ ದಾಖಲೆ ಇಲ್ಲದೆಯೂ ಬರೀ ಗುರುತಿನ ಚೀಟಿ ತೋರಿಸಿ ಕೊಳ್ಳಬಹುದು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಅದನ್ನೇ ಕೊಳ್ಳಿ. ಸಿಲಿಂಡರಿನ ಕುತ್ತಿಗೆಯ ಸುತ್ತ ನಿಂತಿರುವ ಲೋಹದ ಪಟ್ಟಿಯ ಒಳಮೈಯಲ್ಲಿ ಇಂಗ್ಲಿಷಿನ ಎ, ಬಿ, ಸಿ, ಡಿ ಪೈಕಿ ಒಂದು ಅಕ್ಷರ ಮತ್ತು ಇಸವಿಯ ಎರಡು ಅಂಕಿ ಇರುತ್ತವೆ. ಎ ಎಂದರೆ ಮಾರ್ಚ್‌ವರೆಗೆ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಆ ತಿಂಗಳಿನೊಳಗೆ ಸಿಲಿಂಡರ್ ಮತ್ತೆ ಪರೀಕ್ಷೆಗೆ ಹೋಗಬೇಕು ಎಂದರ್ಥ. ಅವಧಿ ಮುಗಿದಿದ್ದರೆ ತೆಗೆದುಕೊಳ್ಳಬೇಡಿ.

ಎಲ್‌ಪಿಜಿಗೆ ತನ್ನದೇ ವಾಸನೆ ಇಲ್ಲ. ನಾವು ಗ್ಯಾಸ್ ವಾಸನೆ ಎನ್ನುವುದು ಮರ್‌ಕ್ಯಾಪ್ಟನ್ ಎಂಬ ರಾಸಾಯನಿಕದ್ದು, ಸೋರಿಕೆ ಗೊತ್ತಾಗಲಿ ಎಂದೇ ಬೆರೆಸಿರುತ್ತಾರೆ. ಇದೂ ಅರ್ಥ್ ಪಿನ್ನಿನ ಜಾತಿಯ ಉಪಾಯವೇ. ಗಾಳಿಗಿಂತ ಭಾರವಾದ್ದರಿಂದ ಸೋರಿದ ಗ್ಯಾಸು ಮೇಲಿನ ಕಿಟಕಿಯಿಂದ ತಾನಾಗಿ ಹೋಗುವುದಿಲ್ಲ, ನೆಲದ ಮೇಲೆ ಹರಡಿ ಮಂಚದ ಕೆಳಗೆ ಕೂರುತ್ತದೆ. ವಾಸನೆ ಬಂದರೆ ಫ್ಯಾನಿನ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ಸ್ವಿಚ್ಚಿನೊಳಗಿನ ಕಿಡಿಯೇ ಸಾಕು. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆದು, ಹೊರಗೆ ಬಂದು ಆಮೇಲೆ 1906ಕ್ಕೆ ಫೋನ್ ಮಾಡಿ.

ವಾಸನೆ ಇಲ್ಲದ ಇನ್ನೊಂದು ಗ್ಯಾಸಿದೆ, ಅದು ಇದಕ್ಕಿಂತ ಮೋಸದ್ದು. ಪಿಜಿಗಳ ಸಣ್ಣ ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಹಾಕಿರುತ್ತಾರೆ. ಗಾಳಿ ಸಾಕಷ್ಟು ಸಿಗದಾಗ ಅದರ ಉರಿಯಿಂದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ಕಾಲಲ್ಲಿ ಶಕ್ತಿ ಹೋದಂತೆ, ಆಮೇಲೆ ಚಿಲಕ ತೆಗೆಯಲೂ ಆಗುವುದಿಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ ಎಂಬ ಸುದ್ದಿ ಪ್ರತಿ ಚಳಿಗಾಲ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಚಳಿಯೆಂದು ವೆಂಟಿಲೇಟರ್‌ಗೆ ರಟ್ಟು ಮುಚ್ಚುವುದೂ ಅದೇ ಕಾಲದಲ್ಲಿ. ಇಲ್ಲಿ ಎಷ್ಟು ಹುಷಾರಾಗಿದ್ದರೂ ಪ್ರಯೋಜನವಿಲ್ಲ, ಕಾಣದ್ದಕ್ಕೆ ಹೇಗೆ ಹುಷಾರಾಗಿರುವುದು? ಗೀಸರ್ ಬಚ್ಚಲಿನ ಹೊರಗೋಡೆಯಲ್ಲಿರಬೇಕು, ಬಿಸಿನೀರಿನ ಪೈಪು ಮಾತ್ರ ಒಳಗೆ ಬರಬೇಕು. ಪಿಜಿ ನೋಡಲು ಹೋದ ತಂಗಿಯಂದಿರು, ಅಕ್ಕಂದಿರು ದಯವಿಟ್ಟು ಇದೊಂದನ್ನು ನೋಡಿಯೇ ಅಡ್ವಾನ್ಸ್ ಕೊಡಿ.

ಸೆರಗು, ದುಪಟ್ಟಾ, ಪಟ್ಟಿ

ರಸ್ತೆ ಸುರಕ್ಷತೆ ಬಗ್ಗೆ ಕಾಲೇಜಿನಲ್ಲಿ ಭಾಷಣ ಸ್ಪರ್ಧೆ, ಘೋಷವಾಕ್ಯ ಸ್ಪರ್ಧೆ ಎಲ್ಲ ನಡೆದಿವೆ, ಅದನ್ನೇ ನಾನೂ ಹೇಳಿದರೆ ನೀವು ಪುಟ ತಿರುವುತ್ತೀರಿ. ಎರಡು ಅಂಕಿ ಮಾತ್ರ ಹೇಳುತ್ತೇನೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 50,029 ಮಂದಿ ಹೆಲ್ಮೆಟ್ ಹಾಕದ ದ್ವಿಚಕ್ರ ಸವಾರರು ಮತ್ತು ಹಿಂಬದಿ ಕೂತವರು. ನಮ್ಮಲ್ಲಿ ಹೆಲ್ಮೆಟ್ ಇಲ್ಲದವರು ಕಮ್ಮಿ. ಟ್ಯಾಂಕಿನ ಮೇಲೆ ಇಟ್ಟುಕೊಂಡವರು, ಮೊಳಕೈಗೆ ಸಿಕ್ಕಿಸಿಕೊಂಡವರು, ತಲೆಗೆ ಹಾಕಿ ಗದ್ದದ ಪಟ್ಟಿ ಬಿಗಿಯದವರು ಜಾಸ್ತಿ. ಪಟ್ಟಿ ಬಿಗಿಯದ ಹೆಲ್ಮೆಟ್ಟು ಬೀಳುವಾಗ ತಲೆಗಿಂತ ಮೊದಲು ತಾನೇ ಹಾರಿ ಹೋಗುತ್ತದೆ. ಕೊಳ್ಳುವಾಗ ಐಎಸ್‌ಐ ಗುರುತಿನ ಜೊತೆ ಐಎಸ್ 4151 ಎಂಬ ಸಂಖ್ಯೆ ಇದೆಯೇ ನೋಡಿ. ರಸ್ತೆ ಬದಿಯ ಹಗ್ಗಕ್ಕೆ ನೇತು ಹಾಕಿ ಮಾರುವ ಅಗ್ಗದ ಟೊಪ್ಪಿಗೆಗಳು ದಂಡ ತಪ್ಪಿಸಿಕೊಳ್ಳಲು ಮಾತ್ರ.

ಭಾಷಣಗಳಲ್ಲಿ ಬರದ ಇನ್ನೊಂದು ಗಾಯ ಹಿಂದಿನ ಸೀಟಿನಲ್ಲಿದೆ. ಅಕ್ಕನ ಸೀರೆ ಸೆರಗು, ತಂಗಿಯ ದುಪಟ್ಟಾ, ಅಮ್ಮೀಜಾನ್ ಬುರ್ಖಾ ಹಿಂದಿನ ಗಾಲಿಗೆ ಸುತ್ತಿಕೊಂಡು ಅವರನ್ನು ರಸ್ತೆಗೆ ಎಳೆದು ಹಾಕಿದ ಘಟನೆ ಪ್ರತಿ ಊರಿನಲ್ಲೂ ಒಂದಾದರೂ ಸಿಗುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಇದಕ್ಕಾಗಿಯೇ ಇದೆ. ಬೈಕಿನ ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಜಾಗ, ಮತ್ತು ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಗಾಲಿಯ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗ ಮುಚ್ಚುವ ಗಾರ್ಡ್ ಇರಲೇಬೇಕು. ನಾವು ಹುಡುಗರು ಬೈಕ್ ಮನೆಗೆ ಬಂದ ವಾರದಲ್ಲೇ ‘ಲುಕ್ ಕೆಡತೈತಿ’ ಎಂದು ಅದನ್ನು ಬಿಚ್ಚಿ ಅಟ್ಟದ ಮೇಲೆ ಎಸೆಯುತ್ತೇವೆ. ಆಮೇಲೆ ಅವ್ವನನ್ನು ಜಾತ್ರೆಗೆ ಕರೆದೊಯ್ಯುವಾಗ ‘ಸೆರಗು ಹುಷಾರು’ ಎನ್ನುತ್ತೇವೆ. ಗಾರ್ಡ್ ಮಾಡುತ್ತಿದ್ದ ಕೆಲಸವನ್ನು ಅವ್ವನ ಮೇಲೆ ಹೊರಿಸಿದ್ದಷ್ಟೇ ಆಯಿತು. ಅಟ್ಟದ ಮೇಲಿದ್ದರೆ ಇವತ್ತೇ ಇಳಿಸಿ. ಎರಡು ಬೋಲ್ಟಿನ ಕೆಲಸ.

ರಸ್ತೆಯಲ್ಲಿ ಬಿದ್ದವರನ್ನು ಎತ್ತಲು ಹಿಂಜರಿಯುವವರಿಗೂ ಒಂದು ಮಾತು. ‘ಪೊಲೀಸ್ ಕೇಸು, ನೌಕರಿ ವೆರಿಫಿಕೇಶನ್‌ಗೆ ತೊಂದರೆ ಆದೀತು’ ಎಂಬ ಭಯ ನಮ್ಮಂಥ ಉದ್ಯೋಗಾಕಾಂಕ್ಷಿಗಳಲ್ಲಿ ಬಹಳ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಂ ಸೇರಿದೆ. ಒಳ್ಳೆಯ ಉದ್ದೇಶದಿಂದ ಗಾಯಾಳುವಿಗೆ ನೆರವಾದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಕ್ರಮ ಜರುಗಿಸುವಂತಿಲ್ಲ. 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೆ ಜೊತೆಗಿರಿ. ಇದು ಪರೀಕ್ಷೆಯಲ್ಲಿ ಬರುವ ಸಾಧ್ಯತೆಯೂ ಉಂಟು.

ಊರಿಗೆ ಹೋದಾಗ ಕಾಣುವ ಅಪಾಯಗಳು ಬೇರೆ. ರಾಶಿ ಮಷಿನ್ ಬೆಲ್ಟಿಗೆ ಸಿಕ್ಕುವ ಟವೆಲ್ಲು, ಹಂದಿಗೆಂದು ಹೊಲದ ಬೇಲಿಗೆ ಹರಿಸಿದ ಕರೆಂಟು, ಹೀಗೆ. ನನಗೆ ಬಹಳ ಕಾಡುವುದು ಕೃಷಿಹೊಂಡ. ಹೊಂಡದ ಇಳಿಜಾರಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ನೀರು ತಾಗಿ ಪಾಚಿ ಕಟ್ಟಿದರೆ ಈಜು ಬಂದವರೂ ಮೇಲೆ ಹತ್ತಲಾರರು. ಸುತ್ತ ತಂತಿಬೇಲಿ ಇರಬೇಕು, ಅದು ಇಲ್ಲದಿದ್ದರೆ ದಂಡೆಯ ಮೇಲೆ ಗೂಟ ಹೊಡೆದು ಗಂಟು ಗಂಟಿನ ಒಂದು ದಪ್ಪ ಹಗ್ಗವನ್ನು ನಾಲ್ಕೂ ಕಡೆ ನೀರಿನೊಳಗೆ ಇಳಿಬಿಟ್ಟರೂ ಒಂದು ಜೀವ ಉಳಿದೀತು. ಹಬ್ಬಕ್ಕೆ ಊರಿಗೆ ಹೋದಾಗ ಅರ್ಧ ದಿನದಲ್ಲಿ ಮುಗಿಯುವ ಕೆಲಸವಿದು. ಹೊಲದ ಮಾಲೀಕರು ಬೇಡ ಎನ್ನುವುದಿಲ್ಲ.

ಡಾಕ್ಟರ್ ಮಾಡಿದ ದೀಪ

ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಇದೆ, ನಮ್ಮ ಪಕ್ಕದ ಶ್ರೀಲಂಕಾದ್ದು. ಅಲ್ಲಿನ ಶಸ್ತ್ರವೈದ್ಯ ಡಾ. ವಿಜಯ ಗೋಡಕುಂಬುರ ಅವರ ಬಳಿ ಸೀಮೆಎಣ್ಣೆ ದೀಪದಿಂದ ಸುಟ್ಟುಕೊಂಡ ಬಡವರು, ಮಕ್ಕಳು ಬರುತ್ತಲೇ ಇದ್ದರಂತೆ. ಕರೆಂಟಿಲ್ಲದ ಮನೆಗಳಲ್ಲಿ ಹಳೆ ಬಾಟಲಿಗೋ ಡಬ್ಬಿಗೋ ಬತ್ತಿ ಹಾಕಿ ಮಾಡಿದ ದೀಪಗಳು. ನಮ್ಮಲ್ಲೂ ಅವನ್ನು ಬುಡ್ಡಿ, ಚಿಮಣಿ ಎಂದು ಕರೆಯುತ್ತಿದ್ದೆವು. ಎತ್ತರದ ಬಾಟಲಿ ಬೇಗ ಉರುಳುತ್ತದೆ, ಬತ್ತಿಯ ಮುಚ್ಚಳ ಕಳಚುತ್ತದೆ, ಎಣ್ಣೆ ಚೆಲ್ಲಿ ಬಟ್ಟೆಗೆ ಬೆಂಕಿ ಹತ್ತುತ್ತದೆ. ‘ದೀಪ ಹುಷಾರಾಗಿ ಇಡಿ’ ಎಂದು ಹೇಳಿ ಕಳಿಸುವುದರಲ್ಲಿ ಅರ್ಥವಿಲ್ಲ ಎಂದು ಆ ವೈದ್ಯರಿಗೆ ಅನಿಸಿತು. 1990ರ ದಶಕದ ಆರಂಭದಲ್ಲಿ ಅವರು ದೀಪವನ್ನೇ ಬದಲಿಸಲು ಹೊರಟರು. ಗಿಡ್ಡ, ದಪ್ಪ ಗಾಜಿನ ಭಾರವಾದ ಬಾಟಲಿ. ಸುಲಭಕ್ಕೆ ಉರುಳುವುದಿಲ್ಲ. ಉರುಳಿದರೂ ಎರಡು ಬದಿ ಚಪ್ಪಟೆ ಇರುವುದರಿಂದ ಹೊರಳಿಕೊಂಡು ಹೋಗುವುದಿಲ್ಲ. ತಿರುಪಿನ ಲೋಹದ ಮುಚ್ಚಳ ಇರುವುದರಿಂದ ಎಣ್ಣೆ ಚೆಲ್ಲುವುದಿಲ್ಲ. ಬೆಲೆ ಬಡವರಿಗೆ ಎಟುಕುವಷ್ಟು. ಇಂಥ ದೀಪಗಳು ಲಕ್ಷಗಟ್ಟಲೆ ಮನೆಗಳಿಗೆ ಹೋದವು. ಈ ಕೆಲಸಕ್ಕೆ ಅವರಿಗೆ 1998ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಆಪರೇಷನ್ ಥಿಯೇಟರಿನಲ್ಲಿ ಅವರು ಎಷ್ಟು ಜೀವ ಉಳಿಸಿರಬಹುದೋ ಗೊತ್ತಿಲ್ಲ, ಈ ದೀಪದಿಂದ ಅದಕ್ಕಿಂತ ಹೆಚ್ಚು ಉಳಿಸಿರಬೇಕು ಎಂದು ನನ್ನ ಅಂದಾಜು.

ಗದಗದ ಗೆಳೆಯ ಊರಿಗೆ ಹೋದ ಮೇಲಿನ ಭಾನುವಾರ ನಾವು ಏಳೆಂಟು ಮಂದಿ ನಮ್ಮ ಕಟ್ಟಡವನ್ನು ಹೀಗೇ ನೋಡಲು ಕೂತೆವು. ಯಾರಿಗೂ ಬುದ್ಧಿ ಹೇಳುವುದಿಲ್ಲ, ವಸ್ತುಗಳನ್ನು ಮಾತ್ರ ನೋಡುವುದು ಎಂದು ಮೊದಲೇ ಮಾತಾಡಿಕೊಂಡಿದ್ದೆವು. ಪ್ರತಿ ಮಹಡಿಯ ಬಚ್ಚಲಿನ ಬಾಗಿಲ ಹೊರಗೆ, ಎದೆಮಟ್ಟದ ಎತ್ತರದಲ್ಲಿ 16 ಆಂಪಿಯರ್ ಪಾಯಿಂಟ್ ಬೇಕು, ಮೀಟರ್ ಬೋರ್ಡಿನಲ್ಲಿ ಆರ್‌ಸಿಸಿಬಿ ಬೇಕು, ಪಡಸಾಲೆಗೆ ನೀರು ಹಿಡಿಯುವ ಮ್ಯಾಟು, ಮೆಟ್ಟಿಲಿಗೆ ಲೈಟು ಮತ್ತು ಕೈಹಿಡಿ ಬೇಕು ಎಂದು ಒಂದು ಹಾಳೆಯಲ್ಲಿ ಬರೆದು ಮಾಲೀಕರ ಬಳಿಗೆ ಹೋದೆವು. ನಾವು ಅವರನ್ನು ಕಾಕಾ ಎನ್ನುತ್ತೇವೆ, ಮಾತಿಗೆ ಬಹಳ ಒಳ್ಳೆಯವರು, ದುಡ್ಡಿನ ಮಾತಿಗೆ ಅಲ್ಲ.

‘ಕರೆಂಟ್ ಬಿಲ್ ಹೆಚ್ಚಾಗತೈತಿ, ಕಾಯಿಲ್ ಹಾಕಬ್ಯಾಡ್ರಿ ಅಂತ ಮೊದಲ ಹೇಳೀನಲ್ಲ’ ಎಂದರು.

‘ಕಾಕಾ, ನೀವು ಬ್ಯಾಡ ಅಂದ್ರೂ ಮೂವತ್ತು ಮಂದಿ ಹಾಕಾಕತ್ತಾರ. ಬೆಂಕಿಕಡ್ಡಿ ಸಿಕ್ಕಿಸಿ ಹಾಕಾಕತ್ತಾರ. ವೈರಿಂಗ್ ಸುಟ್ಟರ ಕಟ್ಟಡ ನಿಮ್ಮದು’ ಎಂದೆ.

ಕಾಕಾ ಒಂದೆರಡು ದಿನ ಮಾತಾಡಲಿಲ್ಲ. ಮೂರನೇ ದಿನ ‘ಸಾಮಾನು ನಾನು ತರಸ್ತೀನಿ, ಕೆಲಸ ನೀನ ಮಾಡು, ಕೂಲಿ ಕೇಳಬ್ಯಾಡ’ ಎಂದರು. ಎರಡು ಭಾನುವಾರದಲ್ಲಿ ಪಾಯಿಂಟ್ ಎಳೆದು ಮುಗಿಸಿದೆ. ನೆಲಕ್ಕೆ ಅರ್ಥ್ ಸರಿ ಇದೆಯೇ ಎಂದು ನೋಡಲು ನನ್ನ ಹಳೆಯ ಗುತ್ತಿಗೆದಾರರು ಪುಕ್ಕಟೆ ಬಂದು ಅಳೆದು ಕೊಟ್ಟರು. ಆರ್‌ಸಿಸಿಬಿ ಹಾಕಿದ ಮೊದಲ ವಾರದಲ್ಲೇ ನಾಲ್ಕು ಸಲ ಬಿತ್ತು. ‘ಇದೇನು ತಂದು ಹಾಕಿದಿ ಮಾರಾಯಾ, ಓದಾಕ ಲೈಟ್ ಇಲ್ಲದಂಗ ಆತು’ ಎಂದು ಎಲ್ಲರೂ ನನ್ನ ಮೇಲೆ ಹರಿಹಾಯ್ದರು. ಒಂದೊಂದೇ ರೂಮಿನ ಕಾಯಿಲ್ ಹಾಕಿ ನೋಡುತ್ತಾ ಹೋದಾಗ ಮೇಲಿನ ಮಹಡಿಯ ಒಂದು ಕಾಯಿಲ್ ಸಿಕ್ಕಿತು. ಕೊಳವೆಯ ಬಾಗಿದ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು. ಆ ರೂಮಿನಲ್ಲಿ ನಾಲ್ವರು ಹುಡುಗರು ಒಂದು ವರ್ಷದಿಂದ ಅದರಲ್ಲೇ ನೀರು ಕಾಯಿಸುತ್ತಿದ್ದರು. ಅದನ್ನು ಎಸೆದ ಮೇಲೆ ಲೈನು ಒಮ್ಮೆಯೂ ಬಿದ್ದಿಲ್ಲ.

ಮ್ಯಾಟು ಬಂದಿದೆ. ಮೆಟ್ಟಿಲಿಗೆ ಲೈಟೂ ಬಂದಿದೆ. ಕೈಹಿಡಿ ಮಾತ್ರ ಇನ್ನೂ ಬಂದಿಲ್ಲ, ‘ಯುಗಾದಿ ಆಗಲಿ ನೋಡೋಣ’ ಎಂದಿದ್ದಾರೆ ಕಾಕಾ. ಅಲ್ಲಿಯವರೆಗೆ ಕಿಟಕಿಯ ಸರಳಿನಿಂದ ಕೆಳಗಿನ ಕಂಬದವರೆಗೆ ದಪ್ಪ ನೈಲಾನ್ ಹಗ್ಗ ಬಿಗಿದಿದ್ದೇವೆ.